ಬದು, ಹೊಂಡ, ಸ್ಪ್ರಿಂಕ್ಲರ್: ಚಳ್ಳಕೆರೆಯ ಕೆಂಪು ನೆಲದಲ್ಲಿ ನಾನು ಮಾಡಿದ ರೀತಿ

ಕೃಷಿ ಹೊಂಡ ಮಾಡಿಸಬೇಕು ಅಂತ ಯಾರು ಬಂದರೂ ನಾನು ಮೊದಲು ಕೇಳುವುದು, ಪಹಣಿ ಯಾರ ಹೆಸರಲ್ಲಿದೆ ಅಂತ. ನಮ್ಮ ಚಳ್ಳಕೆರೆ ತಾಲೂಕಿನಲ್ಲಿ ಎಷ್ಟೋ ಹೊಲಗಳು ತೀರಿಹೋದ ಅಜ್ಜನ ಹೆಸರಲ್ಲೇ ಇವೆ. ಉಳುವವರು ಮೊಮ್ಮಕ್ಕಳು. ಸರ್ಕಾರದ ಸಹಾಯಧನ ಬರುವುದು ಉಳುವವರಿಗಲ್ಲ, ಪಹಣಿಯಲ್ಲಿ ಹೆಸರಿದ್ದವರಿಗೆ.

ನಮ್ಮ ಹೊಲ ಅಪ್ಪನ ಹೆಸರಲ್ಲಿತ್ತು. ಅವರ ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು, ಅರ್ಜಿ ಕೊಟ್ಟೆ. ಅಣ್ಣ ಬೆಂಗಳೂರಲ್ಲಿ, ಅಕ್ಕ ಗಂಡನ ಊರಲ್ಲಿ. ಇಬ್ಬರ ಹತ್ತಿರವೂ ಕೂತು ಮಾತಾಡಿದೆ. "ಭಾಗ ಕೇಳೋಕೆ ಬಂದಿಲ್ಲ ಅಣ್ಣ, ಹೊಲಕ್ಕೆ ನೀರು ನಿಲ್ಲಿಸೋಕೆ" ಅಂದೆ. ಸಹಿ ಮಾಡಿಕೊಟ್ಟರು. ಈಗಂತೂ ರೈತರ, ಜಮೀನಿನ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇಲ್ಲದೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಎಫ್‌ಐಡಿ ಇದೆ ಅಂತ ಸುಮ್ನೆ ಇರಬೇಡಿ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿವೆಯಾ ನೋಡಿಕೊಳ್ಳಿ.

ಕಾಗದ ಸರಿಯಾದ ಮೇಲೆ ಎಲ್ಲರೂ ನೇರ ಹೊಂಡಕ್ಕೆ ಕೈ ಹಾಕುತ್ತಾರೆ. ನಾನು ಮೊದಲು ಬದು ಹಾಕಿಸಿದೆ. ನಮ್ಮದು ಇಳಿಜಾರಿನ ಹೊಲ, ತೆಳು ಮಣ್ಣು. ಬದು ಇಲ್ಲದೆ ಹೊಂಡ ತೆಗೆದರೆ ಮಳೆ ನೀರಿನ ಜೊತೆ ಮೇಲ್ಮಣ್ಣೂ ಬಂದು ಹೊಂಡದಲ್ಲಿ ಕೂರುತ್ತದೆ. ಹೊಲದ ಸಾರವೂ ಹೋಯಿತು, ಹೊಂಡವೂ ಹೂಳು ತುಂಬಿತು, ಅಲ್ವಾ?

ಬದು ಮಾಡಿಸಿದ್ದು 2016-17ರಲ್ಲಿ, ಉದ್ಯೋಗ ಖಾತ್ರಿಯಲ್ಲಿ. ಸಣ್ಣ, ಅತಿಸಣ್ಣ ರೈತರ ಸ್ವಂತ ಹೊಲದಲ್ಲೂ ಆ ಕೆಲಸಕ್ಕೆ ಅವಕಾಶವಿತ್ತು. ಆದರೆ ಗ್ರಾಮಸಭೆಯಲ್ಲಿ ಹೇಳಿ, ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಹೆಸರು ಬರೆಸಿರಬೇಕಿತ್ತು. ಆಗ ರಾಜ್ಯದಲ್ಲಿ ದಿನಗೂಲಿ 224 ರೂಪಾಯಿ. 2025-26ರಲ್ಲಿ ಅದು 370 ಆಗಿತ್ತು. ಮನೆಯವರೂ ಜಾಬ್ ಕಾರ್ಡ್ ಹಿಡಿದು ನಮ್ಮ ಹೊಲದಲ್ಲೇ ದುಡಿದೆವು. ಬದು ಇಳಿಜಾರಿಗೆ ಅಡ್ಡ ಬರಬೇಕು. ಹೊಲದ ಗಡಿ ಹೇಗಿದೆಯೋ ಹಾಗೆ ಹಾಕಿಬಿಡೋಣ ಅನ್ನುವವರು ಜಾಸ್ತಿ. ಅದಕ್ಕೆ ಒಪ್ಪಬೇಡಿ. ನೀರು ಗಡಿ ನೋಡಿ ಹರಿಯುವುದಿಲ್ಲ. ಬದುವಿನ ಮೇಲೆ ಗೊಬ್ಬರದ ಗಿಡ ನೆಟ್ಟೆ. ಬೇರು ಮಣ್ಣು ಹಿಡಿಯುತ್ತದೆ, ಸೊಪ್ಪು ಹೊಲಕ್ಕಾಗುತ್ತದೆ.

ಮಾರನೇ ವರ್ಷ ಹೊಂಡಕ್ಕೆ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಟ್ಟೆ. ಹೊಂಡಕ್ಕೆ ಸಹಾಯಧನ ಕೊಡುವ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾಗಿದ್ದು 2014-15ರಲ್ಲಿ. ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90 ಸಹಾಯಧನ. ಜಾಗವನ್ನು ಜೆಸಿಬಿಯವನಿಗೆ ಬಿಡಲಿಲ್ಲ. ಅದರ ಹಿಂದಿನ ಮಳೆಗಾಲದಲ್ಲೇ, ಜೋರು ಮಳೆ ಬಂದಾಗ ಹೊಲಕ್ಕೆ ಹೋಗಿ ನೀರು ಎಲ್ಲಿ ಕೂಡುತ್ತದೆ ಅಂತ ನೋಡಿ ಗೂಟ ಹೊಡೆದಿದ್ದೆ. ಹೊಂಡದ ಬಾಯಿಗೆ ಮುಂಚೆ ಒಂದು ಸಣ್ಣ ಗುಂಡಿ ತೆಗೆಸಿದೆ. ಹೂಳು ಅಲ್ಲೇ ನಿಲ್ಲುತ್ತದೆ. ತುಂಬಿದ ನೀರು ಆಚೆ ಹೋಗಲು ಕಲ್ಲು ಕಟ್ಟಿದ ಕೋಡಿ ಬೇಕೇ ಬೇಕು. ಇಲ್ಲದಿದ್ದರೆ ಏರಿ ಒಡೆಯುತ್ತದೆ. ಕೆಂಪು ಮಣ್ಣು ನೀರು ಕುಡಿಯುತ್ತದೆ, ಹಾಗಾಗಿ ತಳಕ್ಕೆ ಪಾಲಿಥಿನ್ ಹೊದಿಕೆ ಹಾಕಿಸಿದೆ. ಎರೆ ಹೊಲದವರಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಅಗೆಸಿದ ಖರ್ಚು ಮೊದಲು ನಮ್ಮ ಕೈಯಿಂದಲೇ ಹೋಗುತ್ತದೆ. ಫೋಟೋ, ಅಳತೆ ಎಲ್ಲ ಆದ ಮೇಲೆ ಹಣ ಬರುವುದು. ಶೇಂಗಾ ಮಾರಿದ ದುಡ್ಡನ್ನು ಅದಕ್ಕಂತಲೇ ಎತ್ತಿಟ್ಟಿದ್ದೆ.

ಹೊಂಡದಿಂದ ಎಷ್ಟು ಕೆಲಸ ಆಗುತ್ತದೆ ಅನ್ನುವ ಲೆಕ್ಕ ಮೊದಲೇ ಗೊತ್ತಿರಬೇಕು. ನಮ್ಮದು ಮೇಲೆ 12 ಮೀಟರ್ ಚೌಕ, ಆಳ 3 ಮೀಟರ್, ತಳ 6 ಮೀಟರ್ ಚೌಕ. ತುಂಬಿದರೆ ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಒಂದು ಲಕ್ಷ ಲೀಟರ್. ಬಿಸಿಲಿಗೆ ಆರಿದ್ದು ಬಿಟ್ಟರೆ ಎಕರೆಗೆ ಎರಡು ಸಲ ಕೊಡಬಹುದು, ಅಷ್ಟೇ. ಇದನ್ನು ನಂಬಿಕೊಂಡು ಅಡಿಕೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇದು ಬೆಳೆ ಉಳಿಸುವ ನೀರು. ಶೇಂಗಾ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಮಘೆ ಮಳೆ ಕೈಕೊಟ್ಟರೆ ನಮ್ಮ ಕಡೆ ಇಡೀ ವರ್ಷದ ಅನ್ನ ಹೋಗುತ್ತದೆ. ಆಗ ಒಂದು ಸಲ ಸ್ಪ್ರಿಂಕ್ಲರ್ ಹಾಕಲು ಸಿಕ್ಕರೂ ಸಾಕು, ಹೊಟ್ಟೆಗಾಗುವಷ್ಟು ಕಾಯಿ ಸಿಗುತ್ತದೆ. ಸ್ಪ್ರಿಂಕ್ಲರ್ ಸೆಟ್ ಕೃಷಿ ಇಲಾಖೆಯಿಂದಲೇ ಶೇ. 90 ಸಹಾಯಧನದಲ್ಲಿ ಸಿಕ್ಕಿತು. ಒಮ್ಮೆ ತಗೊಂಡರೆ ಅದೇ ಹೊಲಕ್ಕೆ ಏಳು ವರ್ಷ ಮತ್ತೆ ಸಿಗುವುದಿಲ್ಲ, ಪೈಪುಗಳನ್ನು ನೆರಳಲ್ಲಿಡಿ.

ಬೇಲಿ ವಿಷಯದಲ್ಲಿ ಮಾತ್ರ ದಯವಿಟ್ಟು ನಾಳೆ ನೋಡೋಣ ಅನ್ನಬೇಡಿ. ಪಾಲಿಥಿನ್ ಮೇಲೆ ಕಾಲಿಟ್ಟರೆ ದೊಡ್ಡವರೇ ಮೇಲೆ ಹತ್ತಿ ಬರಲಾರರು, ಮಕ್ಕಳು, ಕುರಿಮರಿಗಳ ಪಾಡೇನು? ನಮ್ಮ ಹೊಂಡಕ್ಕೆ ನೀರು ಬರುವ ಮೊದಲೇ ಸುತ್ತ ತಂತಿ ಎಳೆಸಿದ್ದೆ. ಒಳಗೆ ಗಂಟು ಹಾಕಿದ ದಪ್ಪ ಹಗ್ಗವನ್ನೂ ಇಳಿಬಿಟ್ಟಿದ್ದೇನೆ. ಕೃಷಿ ಭಾಗ್ಯ ನಡುವೆ ನಿಂತು 2023-24ರಲ್ಲಿ ಮತ್ತೆ ಬಂದಾಗ ತಂತಿ ಬೇಲಿಗೂ ಸಹಾಯಧನ ಸೇರಿಸಿದರು. ಎಲ್ಲ ತಾಲೂಕಿಗೂ ಯೋಜನೆ ಇಲ್ಲ. ಹೋಬಳಿಗೆ ಇಂತಿಷ್ಟೇ ಅಂತ ಗುರಿಯೂ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲೇ ಸಂಪರ್ಕ ಕೇಂದ್ರಕ್ಕೆ ಹೋಗಿ, ನಿಮ್ಮ ತಾಲೂಕು ಪಟ್ಟಿಯಲ್ಲಿದೆಯಾ ಅಂತ ವಿಚಾರಿಸಿ, ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ತಗೊಂಡು ಬನ್ನಿ.