ನಾರಿಚ್‌ಗೆ ಕಥೆ ಬರೆಯಲು ಹೊರಟವರಿಗೆ

ಅರ್ಧ ಬರೆದ ಒಂದು ಕಥೆಯನ್ನು ಚೀಲದಲ್ಲಿಟ್ಟುಕೊಂಡೇ ವಿಮಾನ ಹತ್ತಿ. ಕ್ರಿಯೇಟಿವ್ ರೈಟಿಂಗ್ ಎಂ.ಎ.ಗೆ ಇಂಗ್ಲೆಂಡಿಗೆ ಹೊರಟವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಕೋರ್ಸ್ ಇರುವುದು ಒಂದೇ ವರ್ಷ. ರೂಮು ಹುಡುಕಿ, ಬ್ಯಾಂಕ್ ಖಾತೆ ತೆರೆದು, ಚಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ ತರಗತಿಯಲ್ಲಿ ನಿಮ್ಮ ಬರಹ ಕೊಡುವ ಸರದಿ ಬಂದುಬಿಡುತ್ತದೆ.

ನಾನು ಓದಿದ್ದು ನಾರಿಚ್‌ನ ಯೂನಿವರ್ಸಿಟಿ ಆಫ್ ಈಸ್ಟ್ ಆಂಗ್ಲಿಯಾದಲ್ಲಿ. 1970ರಲ್ಲಿ ಇಂಗ್ಲಿಷ್ ಕಾದಂಬರಿಕಾರರಾದ ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಅಲ್ಲಿ ಈ ಕೋರ್ಸ್ ಶುರು ಮಾಡಿದರು. ನೊಬೆಲ್ ಪಡೆದ ಕಾದಂಬರಿಕಾರ ಕಜುವೊ ಇಶಿಗುರೊ ಓದಿದ್ದೂ ಅಲ್ಲೇ. ಬ್ರಾಡ್‌ಬರಿ ನಮಗೆ ಹೊರಗಿನವರೇನಲ್ಲ. ಅದಕ್ಕೂ ಮೊದಲು ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರು ಯು.ಆರ್. ಅನಂತಮೂರ್ತಿಯವರಿಗೆ ಮೇಷ್ಟ್ರಾಗಿದ್ದರು. ಅವರ ಜೊತೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಒಂದು ಸಿನಿಮಾ ನೋಡಿದ ಮೇಲೆ ಅನಂತಮೂರ್ತಿ ‘ಸಂಸ್ಕಾರ’ ಬರೆದರು. ಇಂಗ್ಲೆಂಡಿನಲ್ಲಿ ಕೂತು, ಕನ್ನಡದಲ್ಲಿ. ಇದು ನನಗೆ ದೊಡ್ಡ ಧೈರ್ಯ ಕೊಟ್ಟ ಸಂಗತಿ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಒಂದು ಪುಟ ಕನ್ನಡ ಬರೆಯಿರಿ. ಇಂಗ್ಲಿಷ್ ಕೆಲಸ ಆಮೇಲೆ. ಬರೆದದ್ದನ್ನು ಗಟ್ಟಿಯಾಗಿ ಓದಿ. ಪಕ್ಕದ ರೂಮಿನವರಿಗೆ ಕೇಳಿಸಿದರೆ ಕೇಳಿಸಲಿ.

ಇನ್ನು ವರ್ಕ್‌ಶಾಪ್. ನಿಮ್ಮ ಬರಹವನ್ನು ಎಲ್ಲರೂ ಮೊದಲೇ ಓದಿಕೊಂಡು ಬಂದಿರುತ್ತಾರೆ. ಅವರು ಮಾತಾಡುವಾಗ ಬರೆದವರು ಬಾಯಿ ಬಿಡುವಂತಿಲ್ಲ. ನಮ್ಮ ತರಗತಿಯಲ್ಲಿ ಅದೇ ಪದ್ಧತಿ. ಉತ್ತರ ಗಂಟಲಿಗೆ ಬಂದು ನಿಂತಿರುತ್ತದೆ, ನುಂಗಿಕೊಳ್ಳಿ. ಎಲ್ಲವನ್ನೂ ಬರೆದುಕೊಳ್ಳಿ, ಆದರೆ ಅಂದೇ ತಿದ್ದಲು ಕೂರಬೇಡಿ. ಎರಡು ದಿನ ಬಿಟ್ಟು ನೋಡಿ. ಮೂರು ಜನ ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ನಿಜಕ್ಕೂ ತೊಂದರೆ ಇದೆ. ಒಬ್ಬರಿಗೆ ಮಾತ್ರ ಹಿಡಿಸದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ.

‘ಇದು ನಮಗೆ ಗೊತ್ತಿಲ್ಲ, ವಿವರಿಸಿ’ ಎಂಬ ಮಾತು ಜಾಸ್ತಿ ಬರುತ್ತದೆ. ನನ್ನ ಕಥೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ಇತ್ತು. ಅಡಿಕೆ ಎಂದರೇನು, ಮಲೆನಾಡು ಎಲ್ಲಿದೆ ಎಂದೆಲ್ಲ ನಾನು ಸೇರಿಸಲಿಲ್ಲ. ಚಿಕ್ಕಮ್ಮ ಮೆಟ್ಟುಗತ್ತಿಯ ಮೇಲೆ ಕೂತು, ಕಣ್ಣೆತ್ತದೆ, ಮಾತಾಡುತ್ತಲೇ ಸಿಪ್ಪೆ ಸೀಳುವುದನ್ನು ಬರೆದೆ. ಕೈಗೆ ಹತ್ತಿದ ಕಪ್ಪು ಕಲೆಯನ್ನು ಬರೆದೆ. ಮುಂದಿನ ಸಲ ಯಾರೂ ಕೇಳಲಿಲ್ಲ. ಪಾತ್ರದ ಕೈಗೆ ಕೆಲಸ ಕೊಡಿ, ಓದುವವರು ತಾವೇ ಹತ್ತಿರ ಬರುತ್ತಾರೆ. ಬರೆಯುವಾಗ ಎದುರಿಗೆ ತರಗತಿಯನ್ನು ಕೂರಿಸಿಕೊಳ್ಳಬೇಡಿ. ನಾನು ಚಿಕ್ಕಮ್ಮನನ್ನೇ ಕೂರಿಸಿಕೊಳ್ಳುತ್ತಿದ್ದೆ. ಸುಳ್ಳು ಬರೆದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮನಸ್ಸು ಕುಗ್ಗುವುದು ಸಹಜ ಅಲ್ವಾ? ಬೆಳಕಿರುವಾಗ ಬರೆಯಿರಿ, ಕತ್ತಲಾದ ಮೇಲೆ ಜನರ ನಡುವೆ ಇರಿ. ಊರಿನ ಮಧ್ಯೆ ಫೋರಂ ಕಟ್ಟಡದ ಲೈಬ್ರರಿ ಇದೆ. ಬೆಚ್ಚಗಿರುತ್ತದೆ, ದುಡ್ಡು ಕೊಡಬೇಕಿಲ್ಲ. ಅಲ್ಲೇ ಹತ್ತಿರ ಬಣ್ಣದ ಪಟ್ಟೆ ಚಾವಣಿಗಳ ಮಾರ್ಕೆಟ್. ಪಾಠ ನಡೆಯುವ ತಿಂಗಳುಗಳಲ್ಲಿ ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಜನ ಮಾತಾಡುವುದು ಕಿವಿಗೆ ಬೀಳುವ ಕೆಲಸವನ್ನೇ ಹಿಡಿಯಿರಿ. ಕೆಫೆಯಲ್ಲಿ ಕಪ್ಪು ತೊಳೆಯುತ್ತಾ ಆ ನಾರ್ಫೋಕ್ ಸೀಮೆಯ ಮುದುಕಿಯರ ಮಾತು ಕೇಳಿ ನಾನು ಸಂಭಾಷಣೆ ಬರೆಯಲು ಕಲಿತೆ.

ದುಡ್ಡಿನ ಮಾತು ನೇರವಾಗಿ ಹೇಳುತ್ತೇನೆ. ಪುಸ್ತಕ ಬಂದು ಸಾಲ ತೀರುತ್ತದೆ ಎಂದು ನಂಬಿ ತೋಟ ಅಡ ಇಡಬೇಡಿ. ಮೊದಲು ಸ್ಕಾಲರ್‌ಶಿಪ್ ಹುಡುಕಿ. ಅದಕ್ಕೆ ಅರ್ಜಿ ಹಾಕುವ ಕೊನೆಯ ದಿನಾಂಕ ಕೋರ್ಸಿನದಕ್ಕಿಂತ ಬೇರೆ ಇರುತ್ತದೆ, ಬೇಗ ನೋಡಿಕೊಳ್ಳಿ.

ಬೇಸಿಗೆಯಲ್ಲಿ ಪಾಠ ಮುಗಿದು ಎಲ್ಲರೂ ಚದುರುವ ಮೊದಲು, ನಿಮ್ಮ ಬರಹವನ್ನು ಚೆನ್ನಾಗಿ ಓದಿದ ಇಬ್ಬರು ಮೂವರನ್ನು ಹಿಡಿದು, ಮುಂದೆಯೂ ಕರಡು ಕಳಿಸಿಕೊಳ್ಳೋಣ ಎಂದು ಮಾತು ತೆಗೆದುಕೊಳ್ಳಿ. ನನಗೆ ಹಾಗೆ ಸಿಕ್ಕವರು ಒಬ್ಬಳು ಲಾಗೋಸ್‌ನಲ್ಲಿ, ಒಬ್ಬ ಲೀಡ್ಸ್‌ನಲ್ಲಿ ಇದ್ದಾರೆ. ತಿಂಗಳ ಕೊನೆಯ ಭಾನುವಾರ ಮೂವರೂ ಏನಾದರೂ ಕಳಿಸಲೇಬೇಕು.