ಗುಂಗುರು ಕೂದಲನ್ನು ಕೆದರದಂತೆ ಒಣಗಿಸುವ ಬಗೆ
ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಗುಂಗುರು ಕೂದಲು ಕೆದರುವುದಕ್ಕೆ ಗಾಳಿಯ ತೇವವೇ ಮುಖ್ಯ ಕಾರಣ. ಒಣಗಿದ ಎಳೆಗಳು ಅದನ್ನು ಹೀರಿ ಉಬ್ಬುತ್ತವೆ. ಇದನ್ನು ತಡೆಯಲು ನಮ್ಮ ಅಡುಗೆಮನೆಗಳಲ್ಲಿ ಚಟ್ನಿಪುಡಿಗೆಂದು ಇಟ್ಟಿರುವ ಅಗಸಿ ಬೀಜವೇ ಸಾಕು. 2 ದೊಡ್ಡ ಚಮಚ ಬೀಜವನ್ನು 1 ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿ, ನೀರು ಲೋಳೆಯಾದ ಕೂಡಲೇ ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿರಿ; ಆರಿದರೆ ಲೋಳೆ ಬೀಜಕ್ಕೇ ಅಂಟಿಕೊಳ್ಳುತ್ತದೆ. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಬಳಸಿ ಮುಗಿಸಬೇಕು.

ತಲೆಸ್ನಾನದಲ್ಲಿ ಕಂಡೀಷನರ್ ಹಚ್ಚಿದಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿರಿ. ತೊಳೆದ ಮೇಲೆ ನೀರು ತೊಟ್ಟಿಕ್ಕುತ್ತಿರುವ ಕೂದಲಿಗೇ ತಣಿದ ಲೋಳೆಯನ್ನು ಸವರಿ, ತಲೆ ಬಗ್ಗಿಸಿ, ಸುರುಳಿಗಳನ್ನು ಅಂಗೈಯಲ್ಲಿ ಮೇಲಕ್ಕೆ ಹಿಚುಕಿರಿ. ಒರಟು ಟವೆಲ್‌ನಿಂದ ಉಜ್ಜುವ ರೂಢಿಯನ್ನು ದಯವಿಟ್ಟು ಬಿಡಿ, ಏಕೆಂದರೆ ಒದ್ದೆ ಎಳೆಗಳು ಬೇಗ ತುಂಡಾಗುತ್ತವೆ. ಹಳೆಯ ಹತ್ತಿ ಟೀ-ಶರ್ಟಿನಿಂದ ಒತ್ತಿದರೆ ಸಾಕು. ಡ್ರೈಯರ್ ಬಳಸುವವರು ಅದರ ಬಾಯಿಗೆ ಡಿಫ್ಯೂಸರ್ (ಗಾಳಿಯನ್ನು ಹರಡಿಸುವ ತೂತುಗಳುಳ್ಳ ಅಗಲ ಬಿಲ್ಲೆ) ಜೋಡಿಸಿ, ಕಡಿಮೆ ಶಾಖದಲ್ಲಿ ಒಣಗಿಸಿರಿ.

ಪೂರ್ತಿ ಒಣಗುವವರೆಗೆ ಕೂದಲನ್ನು ಮುಟ್ಟಬಾರದು. ಒಣಗಿದಾಗ ಎಳೆಗಳು ಗರಿಗರಿಯಾಗಿ ಗಟ್ಟಿಯೆನಿಸುವುದು ಸರಿಯಾದ ಲಕ್ಷಣವೇ. ಆಗ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದ ಅಂಗೈಯಿಂದ ಹಿಚುಕಿದರೆ ಸುರುಳಿಗಳು ಮೃದುವಾಗಿ ಬಿಡಿಸಿಕೊಳ್ಳುತ್ತವೆ.