ಆಫೀಸಿನ ಇಂಗ್ಲಿಷ್ ನುಡಿಗಟ್ಟು: ಅರ್ಥ ಹಿಡಿಯುವುದು ಹೇಗೆ, ಬಳಸುವುದು ಹೇಗೆ

ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಮೀಟಿಂಗ್‌ನಲ್ಲಿ ತಡವರಿಸುತ್ತಾರೆ. ಕಾರಣ ಕಷ್ಟದ ಪದಗಳಲ್ಲ, ತೀರಾ ಸುಲಭದ ಪದಗಳು. ಬಾಲ್, ಟೇಬಲ್, ಬೇಸ್ ಯಾರಿಗೆ ಗೊತ್ತಿಲ್ಲ? ಅವೇ ನುಡಿಗಟ್ಟಿನೊಳಗೆ ಸೇರಿಕೊಂಡಾಗ ಪದಪದದ ಅರ್ಥ ಕೈಕೊಡುತ್ತದೆ. ಹಾಗಾಗಿ ನುಡಿಗಟ್ಟು ಕಿವಿಗೆ ಬಿದ್ದ ಕೂಡಲೇ ಅನುವಾದಕ್ಕೆ ಕೈಹಾಕಬೇಡಿ. ಈ ಮಾತಿನಿಂದ ಕೆಲಸ ಯಾರ ಹೆಗಲಿಗೆ ಬಂತು, ಯಾವಾಗ ಮುಗಿಯಬೇಕು ಎಂಬುದನ್ನು ಮೊದಲು ಹುಡುಕಿ.

ಒಂದು ಸಂದೇಶವನ್ನು ಬಿಡಿಸಿ ನೋಡೋಣ: "ಲೆಟ್ಸ್ ಟೇಕ್ ದಿಸ್ ಆಫ್‌ಲೈನ್. ಐ ವಿಲ್ ಸರ್ಕಲ್ ಬ್ಯಾಕ್ ವೆನ್ ಐ ಹ್ಯಾವ್ ದ ಬ್ಯಾಂಡ್‌ವಿಡ್ತ್. ಐ ನೀಡ್ ಎ ಬಾಲ್‌ಪಾರ್ಕ್ ಫಿಗರ್ ಬೈ ಇಒಡಿ."

ಆಫ್‌ಲೈನ್ ಎಂದರೆ ಇಲ್ಲಿ ಇಂಟರ್ನೆಟ್ ಬಿಡುವ ಮಾತಲ್ಲ. ಈ ಚರ್ಚೆ ಎಲ್ಲರೆದುರು ಬೇಡ, ಸಂಬಂಧಪಟ್ಟವರು ಆಮೇಲೆ ಬೇರೆಯಾಗಿ ಮಾತಾಡೋಣ ಎಂದು. ಬ್ಯಾಂಡ್‌ವಿಡ್ತ್ ಎಂದರೆ ಬಿಡುವು ಮತ್ತು ಶಕ್ತಿ. ಸರ್ಕಲ್ ಬ್ಯಾಕ್ ಎಂದರೆ ಮತ್ತೆ ಈ ವಿಷಯಕ್ಕೆ ಬರುತ್ತೇನೆ ಎಂದು. ಆದರೆ ದಿನಾಂಕವಿಲ್ಲದಿದ್ದರೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು, ಎಷ್ಟೋ ಸಲ ನಯವಾದ ನಿರಾಕರಣೆ. ದಿನಾಂಕ ನೀವೇ ಕೇಳಿ ಪಡೆಯಬೇಕು.

ಬಾಲ್‌ಪಾರ್ಕ್ ಬೇಸ್‌ಬಾಲ್ ಮೈದಾನ. ಬಾಲ್‌ಪಾರ್ಕ್ ಫಿಗರ್ ಎಂದರೆ ಕಣ್ಣಂದಾಜಿನ ಮೊತ್ತ. ಇದಕ್ಕೆ 48,316 ಎಂದು ಉತ್ತರಿಸಿದರೆ ಕೇಳಿದವರು ಅದನ್ನೇ ಪಕ್ಕಾ ಲೆಕ್ಕ ಎಂದುಕೊಂಡು ಮುಂದೆ ನಿಮ್ಮನ್ನು ಅದಕ್ಕೇ ಕಟ್ಟಿಹಾಕುತ್ತಾರೆ. 45,000ದಿಂದ 50,000 ಎಂದು ವ್ಯಾಪ್ತಿ ಕೊಟ್ಟು, ಇದು ಅಂದಾಜು ಎಂದೂ ಬರೆಯಿರಿ. ಇಒಡಿ ಅಂದರೆ ಎಂಡ್ ಆಫ್ ಡೇ, ದಿನದ ಕೊನೆ. ಆದರೆ ಯಾರ ದಿನ? ಲಂಡನ್‌ನಲ್ಲಿ ಸಂಜೆ 5 ಆಗಿರುವಾಗ ನ್ಯೂಯಾರ್ಕ್‌ನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12. ಆದ್ದರಿಂದ ಉತ್ತರ ಹೀಗಿರಲಿ: "ಐ ವಿಲ್ ಸೆಂಡ್ ಎ ರಫ್ ಎಸ್ಟಿಮೇಟ್ ಬೈ 5 ಪಿಎಂ ಲಂಡನ್ ಟೈಮ್. ಕ್ಯಾನ್ ವಿ ಡಿಸ್ಕಸ್ ದ ರೆಸ್ಟ್ ಆನ್ ಥರ್ಸ್‌ಡೇ?" ನುಡಿಗಟ್ಟನ್ನು ಸಾದಾ ಮಾತಿಗೆ ಇಳಿಸಿ ತಿರುಗಿ ಹೇಳುವುದೇ ಅರ್ಥ ಖಚಿತಪಡಿಸಿಕೊಳ್ಳುವ ಒಳ್ಳೆಯ ದಾರಿ. ತಪ್ಪು ತಿಳಿದಿದ್ದರೆ ಅವರೇ ತಿದ್ದುತ್ತಾರೆ.

ಎಲ್ಲಕ್ಕಿಂತ ಅಪಾಯದ್ದು "ಟೇಬಲ್". ಬ್ರಿಟಿಷರ ಬಾಯಲ್ಲಿ ಒಂದು ವಿಷಯವನ್ನು ಟೇಬಲ್ ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು. ಅಮೆರಿಕನ್ನರ ಬಾಯಲ್ಲಿ ಅದನ್ನು ಮೂಲೆಗೆ ಸರಿಸುವುದು. ಎರಡನೇ ಮಹಾಯುದ್ಧದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಈ ಒಂದು ಪದಕ್ಕಾಗಿ ಬಹಳ ಹೊತ್ತು ಜಟಾಪಟಿ ಮಾಡಿ, ಇಬ್ಬರಿಗೂ ಬೇಕಿದ್ದದ್ದು ಒಂದೇ ಎಂದು ಆಮೇಲೆ ಕಂಡುಕೊಂಡರೆಂದು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರಿಗೇ ಹೀಗಾದ ಮೇಲೆ ನೀವು ಕೇಳಿ ತಿಳಿದುಕೊಳ್ಳಲು ಸಂಕೋಚಪಡಬೇಕಿಲ್ಲ. "ಡಿಸ್ಕಸ್ ನೌ" ಎನ್ನಿ, ಇಲ್ಲವೇ "ಪೋಸ್ಟ್‌ಪೋನ್" ಎನ್ನಿ, ಟೇಬಲ್ ಬಿಟ್ಟುಬಿಡಿ.

ಬಾಲ್‌ನ ಸಂಸಾರ ದೊಡ್ಡದು, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಅರ್ಥ ಬುಡಮೇಲು. "ಗೆಟ್ ದ ಬಾಲ್ ರೋಲಿಂಗ್" ಕೆಲಸ ಶುರು ಮಾಡುವುದು. "ದ ಬಾಲ್ ಈಸ್ ಇನ್ ಯುವರ್ ಕೋರ್ಟ್" ಟೆನಿಸ್‌ನಿಂದ ಬಂದದ್ದು: ಈಗ ಸರದಿ ನಿಮ್ಮದು, ನೀವು ಮುಂದಿನ ಹೆಜ್ಜೆ ಇಡುವ ತನಕ ಅವರು ಕೈಕಟ್ಟಿ ಕೂತಿರುತ್ತಾರೆ. "ಡ್ರಾಪ್ಡ್ ದ ಬಾಲ್" ಎಂದರೆ ವಹಿಸಿಕೊಂಡ ಕೆಲಸವನ್ನು ಕೈಬಿಟ್ಟು ಎಡವಟ್ಟು ಮಾಡಿದ್ದು. "ಆನ್ ದ ಬಾಲ್" ಮಾತ್ರ ಹೊಗಳಿಕೆ, ಚುರುಕಿನ ಮನುಷ್ಯ ಎಂದು.

ಲೆಕ್ಕಪತ್ರದಿಂದ ಬಂದವು ನೇರ. "ಇನ್ ದ ರೆಡ್" ನಷ್ಟ, "ಇನ್ ದ ಬ್ಲ್ಯಾಕ್" ಲಾಭ. ಟಾಪ್ ಲೈನ್ ಒಟ್ಟು ಆದಾಯ, ಬಾಟಮ್ ಲೈನ್ ಖರ್ಚು ಕಳೆದು ಉಳಿದ ನಿವ್ವಳ ಲಾಭ. ಮಾತಿನಲ್ಲಿ "ಒಟ್ಟಿನಲ್ಲಿ ವಿಷಯ ಇಷ್ಟು" ಎಂಬರ್ಥವೂ ಉಂಟು. "ಕುಕ್ ದ ಬುಕ್ಸ್" ಸುಳ್ಳು ಲೆಕ್ಕ ಬರೆಯುವ ವಂಚನೆ. ಇದನ್ನು ತಮಾಷೆಗೂ ಇಮೇಲ್‌ನಲ್ಲಿ ಹಾಕಬೇಡಿ.

ಬಳಸುವಾಗ ರೂಪ ಕದಲಿಸಬಾರದು. "ಆನ್ ದ ಸೇಮ್ ಪೇಜ್" ಎಂದರೆ ಎಲ್ಲರ ತಿಳಿವಳಿಕೆ ಒಂದೇ ಎಂದು, ಅಲ್ಲಿ "ಆನ್" ಬರಬೇಕು, "ಇನ್" ಅಲ್ಲ. "ಟಚ್ ಬೇಸ್" ಎಂದರೆ ಒಮ್ಮೆ ಮಾತಾಡಿಕೊಳ್ಳೋಣ ಎಂದು, ನಡುವೆ "ದ" ಬರುವುದಿಲ್ಲ. "ಕಟ್ ಕಾರ್ನರ್ಸ್" ಬಹುವಚನದಲ್ಲೇ ಇರಬೇಕು. ಅದನ್ನು ಖರ್ಚು ಉಳಿಸುವುದು ಎಂದುಕೊಂಡು ಸಂದರ್ಶನದಲ್ಲಿ ಹೇಳಿದರೆ ಕೆಟ್ಟಿತು. ಅದರ ಅರ್ಥ ಮಾಡಬೇಕಾದ್ದನ್ನು ಮಾಡದೆ ಕೆಲಸ ತೇಲಿಸಿದೆ ಎಂದು. ಖರ್ಚಿನ ಮಾತಿಗೆ "ಕಟ್ ಕಾಸ್ಟ್ಸ್" ಇದೆ.

ಕರಾರು, ನಡಾವಳಿ, ಕೆಲಸದ ಸೂಚನೆಗಳಲ್ಲಿ ನುಡಿಗಟ್ಟು ಬೇಡವೇ ಬೇಡ. ಕಲಿಯಲು ಪಟ್ಟಿ ಉರುಹೊಡೆಯುವುದಕ್ಕಿಂತ ಒಂದು ನೋಟ್‌ಬುಕ್ ಇಡಿ: ಕೇಳಿದ ವಾಕ್ಯವನ್ನು ಪೂರ್ತಿ ಬರೆಯಿರಿ, ಯಾರು ಯಾರಿಗೆ ಹೇಳಿದರೆಂದು ಬರೆಯಿರಿ, ಒಂದು ಸಾಲು ಖಾಲಿ ಬಿಡಿ. ಆ ಮಾತಿನ ನಂತರ ನಿಜವಾಗಿ ಏನಾಯಿತು ಎಂಬುದನ್ನು ವಾರದ ಮೇಲೆ ಆ ಸಾಲಿನಲ್ಲಿ ತುಂಬಿ.